‘ಟ್ಯೂಟರ್’ ಪದದ ಬೇರು ಹುಡುಕುತ್ತಾ: ಒಂದು ಆನ್‌ಲೈನ್ ವ್ಯುತ್ಪತ್ತಿ ನಿಘಂಟಿನ ವಿಮರ್ಶೆ

ಒಂದು ಸಲಕ್ಕೆ ಒಬ್ಬರೇ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುವುದು ನನ್ನ ವೃತ್ತಿ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವವರಿಗೆ ‘ಟ್ಯೂಟರ್’ ಎನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನನಗೂ ಅಷ್ಟೇ ಗೊತ್ತಿತ್ತು. ಒಂದು ಸಂಜೆ ವ್ಯಾಕರಣದ ಪಾಠದ ನಡುವೆ ಹನ್ನೊಂದು ವರ್ಷದ ವಿದ್ಯಾರ್ಥಿನಿಯೊಬ್ಬಳು ಪೆನ್ಸಿಲನ್ನು ಕೆಳಗಿಟ್ಟು, “ಸರ್, ಟೀಚ್ ಮಾಡುವವರು ಟೀಚರ್, ಟ್ರೇನ್ ಮಾಡುವವರು ಟ್ರೇನರ್. ಹಾಗಾದರೆ ಟ್ಯೂಟ್ ಎಂದರೆ ಏನು?” ಎಂದು ಕೇಳಿದಳು. ಕ್ರಿಯಾಪದಕ್ಕೆ ಪ್ರತ್ಯಯ ಸೇರಿಸಿದರೆ ಆ ಕೆಲಸ ಮಾಡುವವರ ಹೆಸರಾಗುತ್ತದೆ ಎಂದು ಐದು ನಿಮಿಷದ ಹಿಂದೆ ಹೇಳಿಕೊಟ್ಟವನು ನಾನೇ. ನಾನು ಕೊಟ್ಟ ನಿಯಮವನ್ನು ಅವಳು ನನ್ನ ಮೇಲೆಯೇ ಪ್ರಯೋಗಿಸಿ ನೋಡಿದ್ದಳು, ಮತ್ತು ನನ್ನ ಬಳಿ ಉತ್ತರವಿರಲಿಲ್ಲ. ಅಂದು ಆ ಉತ್ತರಕ್ಕಾಗಿ ತೆರೆದ ಎಟಿಮ್‌ಆನ್‌ಲೈನ್ ಎಂಬ ಉಚಿತ ಇಂಗ್ಲಿಷ್ ವ್ಯುತ್ಪತ್ತಿ ನಿಘಂಟನ್ನು ಅಲ್ಲಿಂದೀಚೆಗೆ ಹೆಚ್ಚುಕಡಿಮೆ ಪ್ರತಿದಿನ ಬಳಸುತ್ತಿದ್ದೇನೆ. ಈ ವಿಮರ್ಶೆಗೆ ಆ ಒಂದೇ ಪದವನ್ನು ಒರೆಗಲ್ಲಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಒಂದು ನಿಘಂಟಿನ ಬೆಲೆ ತಿಳಿಯಬೇಕಾದರೆ ನೂರು ಪದಗಳನ್ನು ಮೇಲೆ ಮೇಲೆ ತಿರುವಿ ಹಾಕುವುದಕ್ಕಿಂತ ನಮಗೆ ನಿಜವಾಗಿ ಬೇಕಾದ ಒಂದು ಪದವನ್ನು ಅದು ಎಷ್ಟು ದೂರ ಕರೆದೊಯ್ಯುತ್ತದೆ ಎಂದು ನೋಡುವುದು ಮೇಲು.

ಈ ತಾಣವನ್ನು ಆರಂಭಿಸಿದವರು ಡಗ್ಲಸ್ ಹಾರ್ಪರ್. ಸಂಸ್ಥೆಯೊಂದರ ಯೋಜನೆಯಾಗಿ ಅಲ್ಲ, ಒಬ್ಬ ವ್ಯಕ್ತಿಯ ಆಸಕ್ತಿಯ ಕೆಲಸವಾಗಿ ಇದು ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪುಗೊಂಡಿತು. ಮುದ್ರಿತ ವ್ಯುತ್ಪತ್ತಿ ನಿಘಂಟುಗಳಲ್ಲಿ ಚದುರಿಹೋಗಿದ್ದ ತಿಳಿವಳಿಕೆಯನ್ನು ಒಟ್ಟುಗೂಡಿಸಿ, ಸಾಮಾನ್ಯ ಓದುಗನಿಗೆ ಅರ್ಥವಾಗುವ ಚಿಕ್ಕ ನಮೂದುಗಳಾಗಿ ಬರೆದಿಡುವುದು ಇದರ ವಿಧಾನ. ಬಳಸುವ ಕ್ರಮದಲ್ಲಿ ವಿವರಿಸುವಂಥದ್ದು ಏನೂ ಇಲ್ಲ: ಪದವನ್ನು ಟೈಪ್ ಮಾಡಿದರೆ ಅದರ ಚರಿತ್ರೆ ಒಂದು ಪ್ಯಾರಾದಲ್ಲಿ ಬರುತ್ತದೆ, ಅದಕ್ಕೆ ಸಂಬಂಧಪಟ್ಟ ಬೇರೆ ಪದಗಳ ಕೊಂಡಿಗಳು ಅದರ ಕೆಳಗೆ ಇರುತ್ತವೆ.

ಟ್ಯೂಟರ್ ನಮೂದು ಗಾತ್ರದಲ್ಲಿ ಬಹಳ ಸಣ್ಣದು. ಈ ಪದ 14ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿಗೆ ಬಂದಿತು, ಬಂದಾಗ ಅದರ ಅರ್ಥ ‘ಪೋಷಕ, ಪಾಲಕ’ ಎಂದಿತ್ತು, ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ತೂತೋರ್’ ಎಂಬ ಪದದಿಂದ ಇಳಿದು ಬಂದಿತು, ಆ ಲ್ಯಾಟಿನ್ ಪದದ ಹಿಂದೆ ‘ತುಯೇರಿ’ ಎಂಬ ಕ್ರಿಯಾಪದವಿದೆ ಎಂಬಷ್ಟು ಸಂಗತಿ ಅದರಲ್ಲಿ ಸಿಗುತ್ತದೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇದರಲ್ಲೇ ಉತ್ತರವಿತ್ತು. ಟ್ಯೂಟ್ ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿ ಇಲ್ಲ, ಏಕೆಂದರೆ ಕ್ರಿಯಾಪದಕ್ಕೆ ಪ್ರತ್ಯಯ ಸೇರುವ ಕೆಲಸ ಇಂಗ್ಲಿಷಿನಲ್ಲಿ ನಡೆಯಲೇ ಇಲ್ಲ. ಅದು ಲ್ಯಾಟಿನ್ನಿನಲ್ಲೇ ಮುಗಿದು, ಪದ ಸಿದ್ಧರೂಪದಲ್ಲಿ ಬಂದು ಸೇರಿತು. ಡಾಕ್ಟರ್ ಎಂಬ ಪದದ್ದೂ ಇದೇ ಕಥೆ. ಅದರ ಹಿಂದಿರುವುದು ಲ್ಯಾಟಿನ್ನಿನಲ್ಲಿ ‘ಕಲಿಸು’ ಎಂಬ ಅರ್ಥದ ಕ್ರಿಯಾಪದ. ಹಾಗಾಗಿ ಹುಟ್ಟಿನ ಲೆಕ್ಕ ಹಿಡಿದರೆ ಕಲಿಸುವವನು ಡಾಕ್ಟರ್, ಕಾಯುವವನು ಟ್ಯೂಟರ್. ಇಂದಿನ ಬಳಕೆಯಲ್ಲಿ ಇಬ್ಬರೂ ಕೆಲಸವನ್ನು ಅದಲುಬದಲು ಮಾಡಿಕೊಂಡಂತೆ ಕಾಣುತ್ತದೆ. ಇಂಗ್ಲಿಷಿನವರು ಟ್ಯೂಟರ್ ಎಂಬ ನಾಮಪದವನ್ನೇ ಕ್ರಿಯಾಪದವಾಗಿ ಬಳಸತೊಡಗಿದ್ದು 1590ರ ದಶಕದಲ್ಲಿ, ಅಂದರೆ ಪದ ಬಂದು ಸುಮಾರು ಇನ್ನೂರು ವರ್ಷಗಳಾದ ಮೇಲೆ.

ತುಯೇರಿ ಎಂಬ ಕ್ರಿಯಾಪದದ ಮುಂದೆ ನಾನು ಬಹಳ ಹೊತ್ತು ನಿಂತೆ. ಅದಕ್ಕೆ ‘ನೋಡು, ದೃಷ್ಟಿಸು’ ಎಂಬ ಅರ್ಥವೂ ಇದೆ, ‘ಕಾಪಾಡು, ರಕ್ಷಿಸು’ ಎಂಬ ಅರ್ಥವೂ ಇದೆ. ಇಂಗ್ಲಿಷ್ ಓದುಗನಿಗೆ ಈ ಎರಡು ಅರ್ಥಗಳ ನಡುವಿನ ನಂಟನ್ನು ವಿವರಿಸಬೇಕಾಗಬಹುದು. ಕನ್ನಡ ಓದುಗನಿಗೆ ಅದರ ಅಗತ್ಯವೇ ಇಲ್ಲ. ‘ನೋಡು’ ಎಂಬುದಕ್ಕೆ ‘ಕೊಳ್ಳು’ ಸೇರಿಸಿ ‘ನೋಡಿಕೊಳ್ಳು’ ಎಂದರೆ ಆಯಿತು, ಕಣ್ಣಿನ ಕೆಲಸ ಕಾಯುವ ಕೆಲಸವಾಗುತ್ತದೆ. ಮಗುವನ್ನು ನೋಡುವುದಕ್ಕೂ ಮಗುವನ್ನು ನೋಡಿಕೊಳ್ಳುವುದಕ್ಕೂ ಇರುವ ಅಂತರವೇ ತುಯೇರಿ ಎಂಬ ಪದದ ಒಳಗಿರುವ ಅಂತರ. ಕಣ್ಗಾವಲು ಎಂಬ ನಮ್ಮ ಮಾತಿನಲ್ಲಂತೂ ಕಣ್ಣು ಮತ್ತು ಕಾವಲು ಒಂದೇ ಪದವಾಗಿ ಕೂಡಿಕೊಂಡಿವೆ. ಅಂದು ಆ ಹುಡುಗಿಗೆ ನಾನು ಹೇಳಿದ ಉತ್ತರ ಇಷ್ಟೇ: ಟ್ಯೂಟರ್ ಎಂದರೆ ಮೂಲದಲ್ಲಿ ‘ನೋಡಿಕೊಳ್ಳುವವರು’. ಅವಳಿಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು. ತುಯೇರಿ ಎಂಬ ಪದ ಲ್ಯಾಟಿನ್ನಿಗೂ ಹಿಂದೆ ಎಲ್ಲಿಂದ ಬಂತು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಮತ್ತು ಒಮ್ಮತವಿಲ್ಲದ ಕಡೆ ಹಾಗೆಂದೇ ಹೇಳಿಬಿಡುವುದು ಈ ನಿಘಂಟಿನ ದೊಡ್ಡ ಗುಣಗಳಲ್ಲಿ ಒಂದು. ಊಹೆಯನ್ನು ಸತ್ಯವೆಂಬಂತೆ ಮುಂದಿಡುವ ಪದಕಥೆಗಳು ಎಲ್ಲೆಡೆ ಹರಿದಾಡುವ ಕಾಲದಲ್ಲಿ ಈ ಸಂಯಮವನ್ನು ನಾನು ಬಹಳ ಗೌರವಿಸುತ್ತೇನೆ. ಟ್ಯೂಡರ್ ಎಂಬ ರಾಜಮನೆತನದ ಹೆಸರಿಗೂ ಟ್ಯೂಟರ್ ಪದಕ್ಕೂ ನಂಟು ಇರಬಹುದೆಂದು ಕೆಲವರು ಭಾವಿಸುವುದುಂಟು. ಅದು ಬರೀ ಧ್ವನಿಯ ಹೋಲಿಕೆ. ಟ್ಯೂಡರ್ ಎಂಬುದು ವೇಲ್ಸ್ ಭಾಷೆಯ ವ್ಯಕ್ತಿನಾಮದಿಂದ ಬಂದದ್ದು.

ನಿಜವಾದ ನೆಂಟರು ಬೇರೆ ಕಡೆ ಇದ್ದಾರೆ. ಅವರ ಬಳಿಗೆ ನಮ್ಮನ್ನು ಕರೆದೊಯ್ಯುವುದರಲ್ಲೇ ಈ ತಾಣದ ನಿಜವಾದ ಶಕ್ತಿಯಿದೆ. ಟ್ಯೂಟರ್ ನಮೂದಿನಿಂದ ನಾನು ಮೊದಲು ಹೋದದ್ದು ಟ್ಯೂಷನ್ ಎಂಬ ಪದಕ್ಕೆ. ಕನ್ನಡದಲ್ಲಿ ‘ಟ್ಯೂಷನ್‌ಗೆ ಹೋಗುವುದು’, ‘ಟ್ಯೂಷನ್ ಹೇಳುವುದು’ ಎಂದು ದಿನವೂ ಆಡುವ ನಮಗೆ ಅದರ ಮೊದಲ ಅರ್ಥ ಅಚ್ಚರಿ ತರುತ್ತದೆ. 15ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಪಾಠವನ್ನು ಸೂಚಿಸುತ್ತಿರಲಿಲ್ಲ. ರಕ್ಷಣೆ, ಆಶ್ರಯ, ಸುಪರ್ದಿ ಎಂಬ ಅರ್ಥದಲ್ಲಿತ್ತು. ಕಲಿಸುವ ಕೆಲಸ ಎಂಬ ಅರ್ಥ ದಾಖಲಾಗುವುದು 1580ರ ದಶಕದಲ್ಲಿ. ಕಲಿಕೆಗೆ ಕೊಡುವ ಶುಲ್ಕವನ್ನೇ ಟ್ಯೂಷನ್ ಎಂದು ಕರೆದದ್ದಕ್ಕೆ 1828ರ ದಾಖಲೆ ಇದೆ. ಕಾಪಾಡುವುದು, ಕಲಿಸುವುದು, ಕಲಿಸಿದ್ದಕ್ಕೆ ಪಡೆಯುವ ಹಣ ಎಂಬ ಈ ಮೂರು ಮೆಟ್ಟಿಲುಗಳನ್ನು ಒಂದೇ ಪದ ನಾಲ್ಕು ಶತಮಾನಗಳಲ್ಲಿ ಇಳಿದು ಬಂದಿದೆ. ಇಳಿಯಿತು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಶುಲ್ಕ ಪಡೆದೇ ಬದುಕುವವನಾದರೂ ನನಗೆ ಆ ಮೊದಲ ಮೆಟ್ಟಿಲೇ ಹೆಚ್ಚು ಹತ್ತಿರದ್ದಾಗಿ ಕಾಣುತ್ತದೆ. ಇನ್ನೊಂದು ನೆಂಟ ಪದ ಇಂಟ್ಯೂಷನ್, ಅಂದರೆ ಅಂತಃಸ್ಫುರಣೆ. ಅದರ ಹಿಂದಿರುವುದು ತುಯೇರಿ ಕ್ರಿಯಾಪದಕ್ಕೇ ಉಪಸರ್ಗ ಸೇರಿ ಆದ, ‘ದೃಷ್ಟಿಯಿಟ್ಟು ನೋಡು’ ಎಂಬ ಅರ್ಥದ ಪದ. ಟ್ಯೂಷನ್ನಿಗೂ ಇಂಟ್ಯೂಷನ್ನಿಗೂ ಪ್ರಾಸ ಮಾತ್ರ ಇದೆ ಎಂದುಕೊಂಡಿದ್ದ ನನಗೆ, ರಕ್ತಸಂಬಂಧವೂ ಇದೆ ಎಂದು ತಿಳಿದದ್ದು ಇಲ್ಲಿಯೇ. ಕಲಿಕಾ ಗೋಷ್ಠಿ, ಮಾರ್ಗದರ್ಶಿ ವಿಡಿಯೊ ಎಂಬ ಅರ್ಥದಲ್ಲಿ ಇಂದು ಎಲ್ಲೆಲ್ಲೂ ಕೇಳಿಬರುವ ಟ್ಯುಟೋರಿಯಲ್ ಈ ಮನೆಯ ತೀರ ಕಿರಿಯ ಸದಸ್ಯ. ವಿಶೇಷಣವಾಗಿ ಅದು 1742ರಲ್ಲಿ ದಾಖಲಾಗಿದೆ, ನಾಮಪದವಾಗಿ 1923ರಲ್ಲಿ.

ಇಲ್ಲಿ ಹೊಸ ಬಳಕೆದಾರರಿಗೆ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಈ ತಾಣ ಕೊಡುವ ವರ್ಷ ಪದ ಹುಟ್ಟಿದ ವರ್ಷವಲ್ಲ; ಇಂಗ್ಲಿಷ್ ಬರಹದಲ್ಲಿ ಅದು ಕಂಡುಬಂದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ದಾಖಲೆಯ ವರ್ಷ. ಜನರ ಬಾಯಲ್ಲಿ ಪದ ಅದಕ್ಕೂ ಮೊದಲೇ ಇದ್ದಿರಬಹುದು. ಇದನ್ನು ತಾಣವೇ ತನ್ನ ಪರಿಚಯ ಪುಟದಲ್ಲಿ ಹೇಳುತ್ತದೆಯಾದರೂ ಪರಿಚಯ ಪುಟವನ್ನು ಓದುವವರು ಕಡಿಮೆ. ಇನ್ನೊಂದು, ಶತಮಾನದ ಲೆಕ್ಕ. 14ನೆಯ ಶತಮಾನ ಎಂದರೆ ಸಾವಿರದ ಮುನ್ನೂರರ ವರ್ಷಗಳು ಎಂಬುದನ್ನು ಮರೆತರೆ ಇಡೀ ಕಥೆ ನೂರು ವರ್ಷ ಆಚೀಚೆಯಾಗುತ್ತದೆ. ನನ್ನ ವಿದ್ಯಾರ್ಥಿನಿ ಮೊದಲ ದಿನ ಹಾಗೆಯೇ ತಪ್ಪಾಗಿ ಬರೆದುಕೊಂಡಿದ್ದಳು.

ಟ್ಯೂಟರ್ ಪದವನ್ನು ಹುಡುಕಿದವರು ಅಲ್ಲಿಗೇ ನಿಲ್ಲದೆ ಪ್ಯೂಪಿಲ್ ಎಂಬ ಪದವನ್ನೂ ತೆರೆಯಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಶಿಷ್ಯ, ವಿದ್ಯಾರ್ಥಿ ಎಂಬ ಅರ್ಥದ ಆ ಪದದ ಧಾತು ಬೇರೆ, ಆದರೆ ಬಾಳು ಒಂದೇ. ಲ್ಯಾಟಿನ್ನಿನಲ್ಲಿ ‘ಪೂಪಿಲ್ಲುಸ್’ ಎಂದರೆ ತಂದೆಯಿಲ್ಲದ ಎಳೆಯ ಮಗು, ಪಾಲಕರ ಆಶ್ರಯದಲ್ಲಿರುವ ಅನಾಥ. ಇಂಗ್ಲಿಷಿಗೂ ಅದು 14ನೆಯ ಶತಮಾನದ ಕೊನೆಯಲ್ಲಿ ಅನಾಥ ಎಂಬ ಅರ್ಥದಲ್ಲೇ ಬಂದಿತು. ವಿದ್ಯಾರ್ಥಿ ಎಂಬ ಅರ್ಥ ಕಾಣಿಸಿಕೊಂಡದ್ದು 1560ರ ದಶಕದಲ್ಲಿ. ಅನಾಥ ಮತ್ತು ಪಾಲಕ ಎಂಬ ಜೋಡಿ ಕಾಲಕ್ರಮದಲ್ಲಿ ಶಿಷ್ಯ ಮತ್ತು ಶಿಕ್ಷಕ ಎಂಬ ಜೋಡಿಯಾಗಿ, ಒಬ್ಬರ ಕೈ ಒಬ್ಬರು ಬಿಡದೆ ಒಟ್ಟಿಗೇ ಅರ್ಥ ಬದಲಿಸಿಕೊಂಡಿತು.

ಅದೇ ಪ್ಯೂಪಿಲ್ ಎಂಬ ಪದಕ್ಕೆ ಕಣ್ಣಿನ ಪಾಪೆ ಎಂಬ ಅರ್ಥವೂ ಇದೆಯಲ್ಲ, ಅದು ಹೇಗೆ? ಲ್ಯಾಟಿನ್ನಿನ ‘ಪೂಪಿಲ್ಲಾ’ ಎಂದರೆ ಪುಟ್ಟ ಹುಡುಗಿ, ಪುಟ್ಟ ಗೊಂಬೆ. ಒಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅಲ್ಲಿ ನಮ್ಮದೇ ಪ್ರತಿಬಿಂಬ ಗೊಂಬೆಯಂತೆ ಪುಟ್ಟದಾಗಿ ಕಾಣುವುದರಿಂದ ಈ ಹೆಸರು ಬಂತು ಎಂದು ನಿಘಂಟು ವಿವರಿಸುತ್ತದೆ. ನಾನು ಇದನ್ನು ಓದಿ ಹೇಳುತ್ತಿದ್ದಂತೆ ಹುಡುಗಿ ಮೇಜಿನ ಆಚೆಯಿಂದ ಮುಂದಕ್ಕೆ ಬಾಗಿ ನನ್ನ ಕಣ್ಣಲ್ಲಿ ಇಣುಕಿದಳು. ದೀಪ ಅವಳ ಬೆನ್ನ ಹಿಂದೆ ಇದ್ದುದರಿಂದ ಮೊದಲು ಏನೂ ಕಾಣಲಿಲ್ಲ, ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿದಾಗ, “ಇದ್ದೀನಿ ಸರ್, ಜಡೆ ಸಮೇತ ಇದ್ದೀನಿ!” ಎಂದು ಕೂಗಿದಳು. ಆಮೇಲೆ ನಮಗಿಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು: ಕನ್ನಡದಲ್ಲೂ ಅದು ಪಾಪೆಯೇ. ಎಳೆಯ ಮಗುವನ್ನು ಪಾಪು ಎಂದು ಕರೆಯುವ ನಮ್ಮ ಭಾಷೆ ಕಣ್ಣಿನ ನಡುವಿನ ಕರಿಯ ಬೊಟ್ಟನ್ನು ಪಾಪೆ ಎನ್ನುತ್ತದೆ, ಗೊಂಬೆಗೂ ಪಾಪೆ ಎಂಬ ಮಾತುಂಟು. ಸಂಸ್ಕೃತದ ‘ಕನೀನಿಕಾ’ ಎಂಬುದರಲ್ಲೂ ಹುಡುಗಿ ಮತ್ತು ಕಣ್ಣಿನ ಪಾಪೆ ಎರಡೂ ಇವೆ. ಗ್ರೀಕಿನ ‘ಕೋರೆ’ ಎಂಬ ಪದದಲ್ಲೂ ಹಾಗೆಯೇ. ಇಷ್ಟು ಭಾಷೆಗಳ ಜನ ಕಣ್ಣೊಳಗೆ ಇಣುಕಿ ಒಂದೇ ಗೊಂಬೆಯನ್ನು ಕಂಡಿದ್ದಾರೆ. ಕನ್ನಡದ ಮಾತು ಈ ನಿಘಂಟಿನಲ್ಲಿ ಇಲ್ಲ, ಇರಬೇಕೆಂದು ನಿರೀಕ್ಷಿಸುವಂತೆಯೂ ಇಲ್ಲ. ಆದರೆ ತನ್ನ ಭಾಷೆಯನ್ನು ಜೊತೆಗಿಟ್ಟುಕೊಂಡು ಇದನ್ನು ಓದುವವರಿಗೆ ಇಂಥ ಲಾಭ ಮೇಲಿಂದ ಮೇಲೆ ಸಿಗುತ್ತದೆ.

ಈಗ ಕೊರತೆಯ ಮಾತು. ‘ಪೋಷಕ’ ಎಂಬ ಅರ್ಥದಿಂದ ‘ಶಿಕ್ಷಕ’ ಎಂಬ ಅರ್ಥಕ್ಕೆ ಪದ ಹೇಗೆ ದಾಟಿತು ಎಂಬುದು ಟ್ಯೂಟರ್ ಪದದ ಚರಿತ್ರೆಯ ಜೀವಾಳ. ನಮೂದಿನ ಸಂಕ್ಷಿಪ್ತತೆಯಲ್ಲಿ ಆ ದಾಟುವಿಕೆ ಕಾಣುವುದಿಲ್ಲ. ಈ ದಡ ಮತ್ತು ಆ ದಡ ಕಾಣುತ್ತವೆ, ನಡುವಿನ ಹೊಳೆ ಕಾಣುವುದಿಲ್ಲ. ಪಾಲಕ ಎಂದರೆ ಯಾವ ಬಗೆಯ ಪಾಲಕ, ಅವನು ಏನು ಮಾಡುತ್ತಿದ್ದ ಎಂಬುದನ್ನು ತಿಳಿಯಬೇಕಾದರೆ ರೋಮನ್ ಕಾನೂನಿನ ಕಡೆಗೆ ಹೋಗಬೇಕು. ನಾನು ಹೋದೆ. ಅಲ್ಲಿ ಕಂಡದ್ದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಅದನ್ನು ತಿಳಿಯದೆ ಆ ನಮೂದನ್ನು ಓದಿದರೆ ಅರ್ಧ ಮಾತ್ರ ಓದಿದಂತೆ.

ರೋಮನ್ನರಲ್ಲಿ ತಂದೆ ತೀರಿಕೊಂಡು ಮಗು ಯಾರ ಅಧೀನದಲ್ಲೂ ಇಲ್ಲದಂತಾದಾಗ ಅದಕ್ಕೊಬ್ಬ ತೂತೋರ್ ಬೇಕಾಗುತ್ತಿದ್ದ. ತಂದೆ ತನ್ನ ಉಯಿಲಿನಲ್ಲಿ ಅವನನ್ನು ಹೆಸರಿಸಬಹುದಿತ್ತು. ಹೆಸರಿಸದಿದ್ದರೆ ತಂದೆಯ ಕಡೆಯ ಅತಿ ಹತ್ತಿರದ ಬಂಧುವಿಗೆ ಆ ಹೊಣೆ ಬೀಳುತ್ತಿತ್ತು. ಅಂಥವರೂ ಇಲ್ಲದಿದ್ದರೆ ಅಧಿಕಾರಿಗಳೇ ಒಬ್ಬರನ್ನು ನೇಮಿಸುತ್ತಿದ್ದರು. ಗಂಡುಮಗುವಿಗೆ 14, ಹೆಣ್ಣುಮಗುವಿಗೆ 12 ವರ್ಷ ತುಂಬುವವರೆಗೆ ಈ ಹೊಣೆ ಇರುತ್ತಿತ್ತು. ಜಸ್ಟೀನಿಯನ್ ಚಕ್ರವರ್ತಿಯ ಕಾಲದಲ್ಲಿ, 533ರಲ್ಲಿ, ಕಾನೂನು ವಿದ್ಯಾರ್ಥಿಗಳಿಗೆಂದೇ ಹೊರಬಂದ ಪಠ್ಯದಲ್ಲಿ ಈ ಪದದ ವ್ಯುತ್ಪತ್ತಿಯೂ ಇದೆ: ಕಾಯುವುದರಿಂದ ಅವರಿಗೆ ಆ ಹೆಸರು ಬಂತು, ದೇವಾಲಯವನ್ನು ನೋಡಿಕೊಳ್ಳುವವರಿಗೆ ದೇವಾಲಯಪಾಲಕರು ಎಂಬ ಹೆಸರು ಬಂದಂತೆಯೇ, ಎಂಬುದು ಅದರ ತಾತ್ಪರ್ಯ. ಇಂದಿನ ನಿಘಂಟು ಹೇಳುವುದನ್ನೇ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಆ ಪಠ್ಯ ಹೇಳಿದೆ.

ಆದರೆ ಈ ತೂತೋರ್ ಪಾಠ ಹೇಳುತ್ತಿರಲಿಲ್ಲ. ಅವನ ಮುಖ್ಯ ಕೆಲಸ ಮಗುವಿನ ಆಸ್ತಿಯನ್ನು ಕಾಯುವುದು. ಮಗುವಿನ ಲಾಲನೆ ಪಾಲನೆ ಸಾಮಾನ್ಯವಾಗಿ ತಾಯಿಯ ಬಳಿ ನಡೆಯುತ್ತಿತ್ತು, ಅಕ್ಷರ ಕಲಿಸಲು ಬೇರೆಯವರಿದ್ದರು, ಶಾಲೆಗೆ ಕರೆದೊಯ್ಯಲು ಮನೆಯ ಗುಲಾಮನಿದ್ದ. ಇಂಗ್ಲಿಷಿನ ಪೆಡಗಾಗ್ ಎಂಬ ಪದ ಆ ಗುಲಾಮನ ಗ್ರೀಕ್ ಹೆಸರಿನಿಂದ ಬಂದದ್ದು ಎಂಬುದನ್ನೂ ಇದೇ ತಾಣದಲ್ಲಿ ಓದಬಹುದು. ಇನ್ನೂ ಮುಂದಕ್ಕೆ ಹೋದರೆ ಅದೇ ಕಾನೂನು ಪಠ್ಯದಲ್ಲಿ ಒಂದು ವಿನಾಯಿತಿಯ ಪಟ್ಟಿ ಸಿಗುತ್ತದೆ. ತೂತೋರ್ ಆಗುವುದು ಸುಮ್ಮನೆ ಬೇಡವೆಂದು ಹೇಳಿ ತಪ್ಪಿಸಿಕೊಳ್ಳಬಹುದಾದ ಹೊಣೆಯಾಗಿರಲಿಲ್ಲ. ಕಾನೂನು ಒಪ್ಪುವ ಕಾರಣ ಬೇಕಿತ್ತು. ಹಾಗೆ ವಿನಾಯಿತಿ ಪಡೆದವರಲ್ಲಿ ವೈದ್ಯರಿದ್ದರು, ಅವರ ಜೊತೆಗೆ ವ್ಯಾಕರಣ ಕಲಿಸುವವರು ಮತ್ತು ವಾಕ್ಪಟುತ್ವ ಕಲಿಸುವವರು ಇದ್ದರು. ಅಂದರೆ ರೋಮ್‌ನಲ್ಲಿ ‘ನೀನು ಶಿಕ್ಷಕ, ಆದ್ದರಿಂದ ನೀನು ತೂತೋರ್ ಆಗಬೇಕಾಗಿಲ್ಲ’ ಎಂದು ಕಾನೂನು ಹೇಳುತ್ತಿತ್ತು. ಇಂದು ಶಿಕ್ಷಕನಿಗೇ ಆ ಹೆಸರು ಅಂಟಿಕೊಂಡಿದೆ. ಈ ಪದದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಂಡಿಲ್ಲ.

ಇನ್ನೊಂದು ನಿಯಮವನ್ನೂ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮಗುವಿಗೆ ಏಳು ವರ್ಷ ದಾಟಿದ ಮೇಲೆ ಕೊಡುಕೊಳ್ಳುವಿಕೆಯ ಮಾತನ್ನು ಮಗುವೇ ಆಡಬೇಕಿತ್ತು; ತೂತೋರ್ ಪಕ್ಕದಲ್ಲಿದ್ದು ತನ್ನ ಸಮ್ಮತಿಯನ್ನು ಸೇರಿಸಬೇಕಿತ್ತು. ಆ ಸಮ್ಮತಿಯನ್ನು ಪತ್ರದ ಮೂಲಕ ಕಳಿಸುವಂತಿರಲಿಲ್ಲ, ವ್ಯವಹಾರ ಮುಗಿದ ಮೇಲೆ ಕೊಡುವಂತಿರಲಿಲ್ಲ. ಅದು ನಡೆಯುವ ಹೊತ್ತಿನಲ್ಲೇ, ಆ ಸ್ಥಳದಲ್ಲೇ, ಖುದ್ದಾಗಿ ಇದ್ದು ಕೊಡಬೇಕಿತ್ತು. ಮಗುವಿಗೆ ಲಾಭವೇ ಆಗುವ ವ್ಯವಹಾರವಾದರೆ ತೂತೋರ್ ಇಲ್ಲದೆಯೂ ಮಗು ಅದನ್ನು ಮಾಡಬಹುದಿತ್ತು, ನಷ್ಟದ ಹೊಣೆ ತಗಲುವಂಥದ್ದನ್ನು ಮಾತ್ರ ಒಂಟಿಯಾಗಿ ಮಾಡುವಂತಿರಲಿಲ್ಲ. ನಾನು ಇದನ್ನು ಓದಿದ ಮರುದಿನ ಅದೇ ಹುಡುಗಿ ಭಿನ್ನರಾಶಿಯ ಲೆಕ್ಕವೊಂದನ್ನು ಮಾಡುತ್ತಿದ್ದಳು. ಛೇದಗಳನ್ನು ಸಮ ಮಾಡದೆಯೇ ಕೂಡಲು ಹೊರಟಿದ್ದಳು. ಅವಳ ಪೆನ್ಸಿಲ್ ಸಮ ಚಿಹ್ನೆಯ ಬಳಿ ಬಂದು ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳೇ ರಬ್ಬರ್ ತೆಗೆದುಕೊಂಡಳು. ಪೆನ್ಸಿಲ್ ಮಗುವಿನ ಕೈಯಲ್ಲೇ ಇರಬೇಕು, ನಾವು ಪಕ್ಕದಲ್ಲಿ ಇರಬೇಕು ಎಂಬುದನ್ನು ನಾನು ಬೋಧನೆಯ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಖಚಿತವಾಗಿ ಆ ಹಳೆಯ ಆಸ್ತಿ ಕಾನೂನಿನಲ್ಲಿ ಓದಿದೆ.

ಇಂಗ್ಲಿಷಿನಲ್ಲಿ ಹಳೆಯ ಅರ್ಥ ಎಷ್ಟು ಕಾಲ ಜೀವಂತವಾಗಿತ್ತು ಎಂಬುದಕ್ಕೆ ಬೈಬಲ್ಲಿನ ಅನುವಾದಗಳು ಒಳ್ಳೆಯ ಸಾಕ್ಷಿ. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಉತ್ತರಾಧಿಕಾರಿಯಾದ ಬಾಲಕ ತಂದೆ ಗೊತ್ತುಮಾಡಿದ ಕಾಲದವರೆಗೆ ಟ್ಯೂಟರುಗಳ ಕೈಕೆಳಗೆ ಇರುತ್ತಾನೆ ಎಂಬ ಮಾತಿದೆ. ಇಂದಿನ ಓದುಗ ಅದನ್ನು ಮನೆಪಾಠದ ಮೇಷ್ಟ್ರು ಎಂದು ಓದಿಕೊಂಡರೆ ಸಾಲಿನ ಅರ್ಥವೇ ಕೆಡುತ್ತದೆ. ಅಲ್ಲಿ ಹೇಳಿರುವುದು ಆಸ್ತಿಯನ್ನೂ ಬಾಲಕನನ್ನೂ ಕಾಯುವ ಪಾಲಕರ ವಿಷಯ. ಹೊಸ ಅನುವಾದಗಳು ಆ ಜಾಗದಲ್ಲಿ ಪೋಷಕ ಎಂಬ ಅರ್ಥದ ಬೇರೆ ಇಂಗ್ಲಿಷ್ ಪದವನ್ನು ಬಳಸುತ್ತವೆ. ಸ್ಕಾಟ್ಲೆಂಡಿನ ಕಾನೂನಿನಲ್ಲಂತೂ ಟ್ಯೂಟರ್ ಮತ್ತು ಪ್ಯೂಪಿಲ್ ಎಂಬ ಜೋಡಿ ತನ್ನ ರೋಮನ್ ಅರ್ಥದಲ್ಲಿ, ಅದೇ 14 ಮತ್ತು 12ರ ವಯೋಮಿತಿಯೊಡನೆ, 1991ರಲ್ಲಿ ಹೊಸ ಕಾಯಿದೆ ಬರುವವರೆಗೂ ಉಳಿದುಕೊಂಡಿತ್ತು.

ದಾಟುವಿಕೆ ನಡೆದ ದೊಡ್ಡ ಸೇತುವೆ ಎಂದರೆ ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳ ಕಾಲೇಜುಗಳು ಎಂದು ನನಗೆ ತೋರುತ್ತದೆ. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬಂದ ಹುಡುಗರ ನಡತೆಗೆ, ಖರ್ಚಿಗೆ, ಓದಿಗೆ ತಂದೆಯ ಸ್ಥಾನದಲ್ಲಿ ನಿಂತು ಹೊಣೆಯಾಗಿರುತ್ತಿದ್ದ ಹಿರಿಯರಿಗೆ ಅಲ್ಲಿ ಟ್ಯೂಟರ್ ಎಂಬ ಹೆಸರಿತ್ತು. ಹುಡುಗನನ್ನು ಕಾಯುವವನೇ ಅವನಿಗೆ ಓದಿಸುವವನೂ ಆದಾಗ ಪದದ ಭಾರ ನಿಧಾನವಾಗಿ ಓದಿನ ಕಡೆಗೆ ವಾಲಿತು. ಇಂದಿಗೂ ಆ ಎರಡು ಅರ್ಥಗಳು ಎರಡು ಊರುಗಳಲ್ಲಿ ಹಂಚಿಹೋಗಿವೆ: ಆಕ್ಸ್‌ಫರ್ಡ್‌ನಲ್ಲಿ ಟ್ಯೂಟರ್ ಎಂದರೆ ವಾರವಾರ ವಿದ್ಯಾರ್ಥಿಗಳನ್ನು ಒಬ್ಬಿಬ್ಬರಂತೆ ಕೂರಿಸಿಕೊಂಡು ಪ್ರಬಂಧವನ್ನು ಚರ್ಚಿಸುವ ಅಧ್ಯಾಪಕರು, ಕೇಂಬ್ರಿಜ್‌ನಲ್ಲಿ ಆ ಕೆಲಸ ಮಾಡುವವರಿಗೆ ಸೂಪರ್‌ವೈಸರ್ ಎಂಬ ಹೆಸರಿದ್ದು, ಟ್ಯೂಟರ್ ಎಂದರೆ ವಿದ್ಯಾರ್ಥಿಯ ಯೋಗಕ್ಷೇಮ ವಿಚಾರಿಸುವವರು. ಹೀಗೆ ಕೇಂಬ್ರಿಜ್ ಲ್ಯಾಟಿನ್ ಅರ್ಥದ ಹತ್ತಿರ ಉಳಿದಿದೆ, ಆಕ್ಸ್‌ಫರ್ಡ್ ಹೊಸ ಅರ್ಥದ ಕಡೆ ನಡೆದಿದೆ. ಅರಮನೆಗಳಲ್ಲೂ ಸಿರಿವಂತರ ಮನೆಗಳಲ್ಲೂ ಇದಕ್ಕೆ ಸಮಾನಾಂತರವಾದ ಬೆಳವಣಿಗೆ ನಡೆಯಿತು. ಮುಂದೆ ರಾಣಿಯಾದ ಎಲಿಜಬೆತ್‌ಗೆ ರೋಜರ್ ಆಸ್ಕಮ್ 1548ರಲ್ಲಿ ಟ್ಯೂಟರ್ ಆದರು. 1764ರಲ್ಲಿ ಆ್ಯಡಮ್ ಸ್ಮಿತ್ ಗ್ಲಾಸ್ಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ಬಕ್ಲೂ ಮನೆತನದ ತರುಣ ಡ್ಯೂಕ್‌ನ ಟ್ಯೂಟರ್ ಆಗಿ ಅವನೊಡನೆ ಫ್ರಾನ್ಸಿಗೆ ಹೊರಟರು. ಜೊತೆಯಲ್ಲಿ ಪ್ರಯಾಣ ಮಾಡುತ್ತಾ ಹುಡುಗನನ್ನು ನೋಡಿಕೊಂಡು, ಅವನಿಗೆ ಕಲಿಸುವ ಆ ಹುದ್ದೆಯಲ್ಲಿ ಎರಡೂ ಅರ್ಥಗಳು ಒಂದಾಗಿಯೇ ಇದ್ದವು.

ಫ್ರೆಂಚಿನ ಒಂದು ಬಳಕೆಯನ್ನು ಇಲ್ಲಿ ಸೇರಿಸಬೇಕು. ಅಲ್ಲಿ ‘ತ್ಯೂತರ್’ ಎಂದರೆ ಇಂದಿಗೂ ಮೊದಲಿಗೆ ಕಾನೂನು ಒಪ್ಪಿದ ಪಾಲಕ. ಅದೇ ಪದ ತೋಟದಲ್ಲಿ ಎಳೆಯ ಗಿಡ ವಾಲದಂತೆ ಪಕ್ಕದಲ್ಲಿ ನೆಟ್ಟು ಕಟ್ಟುವ ಊರುಗೋಲಿಗೂ ಹೆಸರು. ಗಿಡಕ್ಕೆ ಬೆಳೆಯುವುದನ್ನು ಆ ಕೋಲು ಕಲಿಸುವುದಿಲ್ಲ. ಬೆಳೆಯುವಾಗ ಪಕ್ಕದಲ್ಲಿ ನಿಂತಿರುತ್ತದೆ, ಕಾಂಡ ಗಟ್ಟಿಯಾದ ಮೇಲೆ ಅದನ್ನು ಕಿತ್ತುಬಿಡುತ್ತಾರೆ.

ಇಷ್ಟು ಆಳದ ವಿವರ ಬೇಕಾದವರು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಕಡೆಗೆ ಹೋಗುವುದೇ ಸರಿ. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದು, 1989ರಲ್ಲಿ ಎರಡನೆಯ ಆವೃತ್ತಿಯಾಗಿ 20 ಸಂಪುಟಗಳಿಗೆ ಬೆಳೆದ ಆ ಮಹಾಕೋಶ ಪ್ರತಿಯೊಂದು ಅರ್ಥಕ್ಕೂ ವರ್ಷಸಹಿತವಾಗಿ ಹಳೆಯ ಬರಹಗಳ ಸಾಲುಗಳನ್ನು ಉದ್ಧರಿಸುತ್ತದೆ. ಪೋಷಕ ಎಂಬ ಅರ್ಥ ಸವೆದು ಶಿಕ್ಷಕ ಎಂಬ ಅರ್ಥ ಚಿಗುರುವುದನ್ನು ಸಾಲು ಸಾಲಾಗಿ ಕಣ್ಣಾರೆ ನೋಡಬಹುದು. ಆದರೆ ಅದಕ್ಕೆ ಚಂದಾ ಕೊಡಬೇಕು, ಅಥವಾ ಚಂದಾ ಕಟ್ಟಿರುವ ಗ್ರಂಥಾಲಯದ ಸದಸ್ಯತ್ವ ಬೇಕು. ಅದರ ದಟ್ಟವಾದ ಪುಟ ಹನ್ನೊಂದು ವರ್ಷದ ಮಗುವಿನ ಎದುರು ತೆರೆದಿಡುವಂಥದ್ದೂ ಅಲ್ಲ. ಎಟಿಮ್‌ಆನ್‌ಲೈನ್ ಅದಕ್ಕೆ ಬದಲಿಯಲ್ಲ, ಅದರ ಬಾಗಿಲಿನವರೆಗೆ ಕರೆದೊಯ್ಯುವ ದಾರಿ. ಉದಾಹರಣೆ ವಾಕ್ಯಗಳ ಅಭಾವ ಇಲ್ಲಿ ನಿಜವಾದ ಕೊರತೆ. ವರ್ಷವೊಂದನ್ನು ಕೊಟ್ಟು, ಆ ವರ್ಷದ ಸಾಲನ್ನು ಕೊಡದಿದ್ದಾಗ ಓದುಗ ನಂಬಬೇಕಾಗುತ್ತದೆಯೇ ಹೊರತು ಪರೀಕ್ಷಿಸಲಾಗುವುದಿಲ್ಲ. ಉಚ್ಚಾರಣೆ, ಇಂದಿನ ಬಳಕೆಯ ಸೂಕ್ಷ್ಮ ಇವುಗಳಿಗಾಗಿಯೂ ಇಲ್ಲಿಗೆ ಬರಬಾರದು; ಹಳೆಯ ಅರ್ಥವೇ ಸರಿಯಾದ ಅರ್ಥ ಎಂದು ವಾದಿಸಲು ಇದನ್ನು ಆಧಾರವಾಗಿ ಬಳಸುವುದಂತೂ ಪೂರಾ ತಪ್ಪು.

ಭಾಷೆ ಕಲಿಸುವವರಿಗೆ, ಅನುವಾದಕರಿಗೆ, ಹಳೆಯ ಇಂಗ್ಲಿಷ್ ಬರಹಗಳನ್ನು ಓದುವವರಿಗೆ ಈ ತಾಣವನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಮಕ್ಕಳ ಜೊತೆ ಬಳಸುವುದಾದರೆ ಒಂದು ದಿನಕ್ಕೆ ಒಂದೇ ಪದ ಸಾಕು, ಅದರ ಎರಡು ಮೂರು ನೆಂಟರನ್ನು ನೋಡಿ ಪುಟ ಮುಚ್ಚಬೇಕು. ಇಲ್ಲವಾದರೆ ಕೊಂಡಿಯಿಂದ ಕೊಂಡಿಗೆ ಹಾರುತ್ತಾ ಹೊರಟ ಪದವೇ ಮರೆತುಹೋಗುತ್ತದೆ. ನಮ್ಮ ಪಾಠದ ಕೊನೆಯ ಹತ್ತು ನಿಮಿಷ ಈಗ ಇದಕ್ಕೇ ಮೀಸಲು. ಟ್ಯೂಟರ್ ಆದ ವಾರದಲ್ಲೇ ಕೋಚ್ ಎಂಬ ಪದವನ್ನು ತೆಗೆದೆವು. ಹಂಗೆರಿಯ ಕೋಚ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಯ ಹೆಸರು, ವಿದ್ಯಾರ್ಥಿಯನ್ನು ಪರೀಕ್ಷೆಯ ಆಚೆಗೆ ಹೊತ್ತೊಯ್ಯುವ ಶಿಕ್ಷಕನಿಗೆ 1830ರ ಸುಮಾರಿನಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಆಡುಮಾತಿನಲ್ಲಿ ಅಂಟಿಕೊಂಡಿತು ಎಂದು ಅಲ್ಲಿತ್ತು. “ಹಾಗಾದರೆ ಕೋಚ್ ಹೊತ್ತುಕೊಂಡು ಹೋಗುತ್ತಾರೆ, ಟ್ಯೂಟರ್ ಪಕ್ಕದಲ್ಲಿ ಕೂತು ನೋಡುತ್ತಾರೆ” ಎಂದು ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ‘ನೋಡುತ್ತಾರೆ’ ಎಂಬುದನ್ನು ಹೊಡೆದು ‘ನೋಡಿಕೊಳ್ಳುತ್ತಾರೆ’ ಎಂದು ತಿದ್ದಲು ನಾನು ಕೈ ಚಾಚುವಷ್ಟರಲ್ಲಿ ಅವಳೇ ತಿದ್ದಿದ್ದಳು.